ಬೇರೆ ಗಡಿಗೆ, ಬೇರೆ ಲೋಟ

ಬೆಳಿಗ್ಗೆ ಹೆಂಡತಿ ಶೈಲಾ ಚಟ್ನಿಗೆ ಪುದೀನಾ ಬಿಡಿಸುತ್ತಿದ್ದಳು. ಸಿಂಗಪುರದ ಪಾಸಿರ್ ರಿಸ್‌ನ ನಮ್ಮ ಅಡುಗೆಮನೆ ಎಷ್ಟು ವಿಶಾಲವೆಂದರೆ, ಒಬ್ಬರು ಒಗ್ಗರಣೆ ಹಾಕಿದರೆ ಇನ್ನೊಬ್ಬರು ಹೊರಗೆ ನಿಂತು ಸೀನಬೇಕು. ಆ ಘಮ ಮೂಗಿಗೆ ಬಡಿದದ್ದೇ ತಡ, ನಾನು ನೆನಪಿನಲ್ಲಿ ಮತ್ತೆ ಮೊರಾಕೊದ ಬೆಟ್ಟ ಹತ್ತತೊಡಗಿದೆ.

ಹತ್ತಿದ್ದು ಎನ್ನುವುದು ದೊಡ್ಡ ಮಾತು ಬಿಡಿ. ಇಲ್ಲಿನ ಒನ್-ನಾರ್ತ್‌ನ ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ತುಳಿದದ್ದೇ ನನ್ನ ತರಬೇತಿ. ಎರಡನೇ ದಿನಕ್ಕೇ ಕುಂಟುತ್ತಿದ್ದೆ. ಹುಲ್ಲುಕಡ್ಡಿಯಿಲ್ಲದ ಕೆಂಪು ಬೆಟ್ಟ, ಹಲ್ಲಿನ ನಡುವೆ ಧೂಳು. ದಾರಿ ತೋರಿಸುತ್ತಿದ್ದ ಇದ್ರೀಸ್, ಬರ್ಬರ್ ಜನಾಂಗದವನು, ನನ್ನ ಚೀಲವನ್ನೂ ಹೊತ್ತು ನನ್ನನ್ನೂ ಶೈಲಾಳನ್ನೂ ತನ್ನ ಮಣ್ಣಿನ ಮನೆಗೇ ಕರೆದೊಯ್ದ. ಅವನ ತಾಯಿ ಪುದೀನಾ ಚಹಾ ಕೊಟ್ಟರು. ಅಲ್ಲಿನ ಪದ್ಧತಿಯಂತೆ ಮೂರು ಲೋಟ ಕುಡಿಯದೆ ಅತಿಥಿ ಏಳುವಂತಿಲ್ಲ.

ಊಟಕ್ಕೆ ಗಡಿಗೆಯಲ್ಲಿ ಬೇಯಿಸಿದ ತರಕಾರಿ ಬಂತು. ನಿನ್ನೆ ಅದರಲ್ಲಿ ಯಾವ ಮಾಂಸ ಬೆಂದಿತ್ತೋ ಎಂಬ ಹುಳ ನನ್ನ ತಲೆ ಹೊಕ್ಕಿತು. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ, ಕೋಣೆಗೆ ಹೋಗಿ, ಮನೆಯಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನುವ ವಿದ್ಯೆ ಯಾರಿಗೆ ಗೊತ್ತು, ಹೇಳಿ. ತಲೆಯೆತ್ತಿದರೆ ಬಾಗಿಲಲ್ಲಿ ಆ ತಾಯಿ, ನನ್ನ ಹೊಟ್ಟೆಗೆಂದು ಕಷಾಯ ಹಿಡಿದು ನಿಂತಿದ್ದರು. ನೋಡಿದರು, ಬಟ್ಟಲು ಇಟ್ಟು ಹೋದರು.

ಮರುದಿನ ಇದ್ರೀಸ್ ಹರಕು ಇಂಗ್ಲಿಷಿನಲ್ಲಿ ಹೇಳಿದ. “ಗಡಿಗೆ ಹೊಸದು, ಸರ್. ನೀವು ಮಾಂಸ ತಿನ್ನಲ್ಲ ಅಂತ ನಾನು ಮೊದಲೇ ಮನೆಗೆ ಫೋನ್ ಮಾಡಿದ್ದೆ. ಅಮ್ಮ ಸಂತೆಗೆ ನಡೆದು ಹೋಗಿ ತಂದರು. ಅದು ನಿಮಗೇ ಇಟ್ಟಿದ್ದು.”

ಬಾಗಲಕೋಟೆಯ ನಮ್ಮ ಮನೆಯಲ್ಲೂ ಬೇರೆಯವರಿಗೆಂದೇ ಇಟ್ಟ ಲೋಟವಿತ್ತು, ಹಿತ್ತಲ ಗೂಡಿನಲ್ಲಿ. ಕೆಲವರಿಗೆ ಚಹಾ ಅದರಲ್ಲೇ. ಕುಡಿದು ಅವರೇ ತೊಳೆದಿಡಬೇಕು. ಅದನ್ನು ನಾನು ಮಡಿಯೆಂದೇ ನಂಬಿ ಬೆಳೆದವನು.

ಆ ದಿನ ನಾಚಿಕೆಗೆ ಇದ್ರೀಸನಿಗೆ, “ಸಿಂಗಪುರಕ್ಕೆ ಬಾ, ನಮ್ಮ ಮನೆ ನಿನ್ನದೇ” ಎಂದುಬಿಟ್ಟೆ. ಹೋದ ವರ್ಷ ಯಾವುದೋ ಪ್ರವಾಸಿ ಮೇಳಕ್ಕೆಂದು ಅವನು ಬಂದೇಬಿಟ್ಟ!

“ಮನೆಗೆ ಕರೀತೀರಾ? ಯಾವ ತಟ್ಟೇಲಿ ಕೊಡೋದು?” ಎಂದಳು ಶೈಲಾ.

“ಬೇಡ ಬಿಡು, ಹೊರಗೇ ಮೀಟ್ ಆಗ್ತೀನಿ.”

ತಪ್ಪನ್ನು ಅವಳ ಮೇಲೆ ಹಾಕಿ ಪಾರಾಗುವ ಆಸೆ ಈಗಲೂ ಇದೆ. ಆದರೆ ಅವಳು ಕೇಳಿದ್ದು ಪ್ರಶ್ನೆ ಮಾತ್ರ. ಮನೆಯಲ್ಲಿ ರಿನೊವೇಷನ್ ನಡೆಯುತ್ತಿದೆ ಎಂದು ಇದ್ರೀಸನಿಗೆ ಸುಳ್ಳು ಹೇಳಿ, ಸಾಲುಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಗದದ ಕಪ್ಪಿನಲ್ಲಿ ಚಹಾ ಕುಡಿಸಿದವನು ನಾನೇ. ಅವನು ಒಂದು ಕಪ್ ಮುಗಿಸಿ ಎರಡನೆಯದಕ್ಕೆ ಕಾದವನಂತೆ ಕೂತ. ನಾನು ಗಡಿಯಾರ ನೋಡಿದೆ. “ಅಮ್ಮ ಕಳಿಸಿದ್ದು” ಎಂದು ಬಟ್ಟೆಯಲ್ಲಿ ಸುತ್ತಿದ ಮೂರು ಗಾಜಿನ ಲೋಟ ಕೊಟ್ಟು ಎದ್ದ.

“ಅಪ್ಪಾ, ಈ ಗ್ಲಾಸಸ್ ಸೋ ನೈಸ್ ಲಾ! ಯಾಕೆ ವಾಷಿಂಗ್ ಮೆಷಿನ್ ಹತ್ರ ಇಟ್ಟಿದೀಯಾ?” ಇಲ್ಲೇ ಬೆಳೆದ ಮಗಳು ಈಗಷ್ಟೇ ಅವನ್ನು ಹಿಡಿದು ಅಡುಗೆಮನೆಗೆ ಬಂದಳು.

ಅಲ್ಲಿಡು ಎಂದು ಯಾರೂ ಹೇಳಿರಲಿಲ್ಲ. ನನ್ನ ಕೈಯೇ ಸೋಪಿನ ಪುಡಿಯ ಪಕ್ಕ ಜಾಗ ಹುಡುಕಿಕೊಂಡಿತ್ತು. ಆ ಗೂಡು ಬಾಗಲಕೋಟೆಯಲ್ಲೇ ಉಳಿಯಿತೆಂದು ನಾನು ತಿಳಿದಿದ್ದೆ.

ಲೋಟ ತೊಳೆದು, ಶೈಲಾ ಬಿಡಿಸಿದ ಪುದೀನಾದಲ್ಲೇ ಚಹಾ ಮಾಡಿ ಒಂದಕ್ಕೆ ಬಗ್ಗಿಸಿದೆ. ಸಕ್ಕರೆ ಸಾಕಷ್ಟು ಹಾಕಿದ್ದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.