ಬೆಂಕಿ ಕರಡಿ ಮತ್ತು ಸವೆದ ಹೆಬ್ಬೆರಳು

ಶಹಾಪುರದ ಹೊಸ ಬಡಾವಣೆಯ ಆ ಮನೆಯಲ್ಲಿ ಪಡಸಾಲೆಯ ಅರ್ಧದವರೆಗೆ ಶಹಾಬಾದ್ ಕಲ್ಲು ಹಾಸಿಯಾಗಿತ್ತು. ಮಧ್ಯಾಹ್ನದ ರೊಟ್ಟಿ ಮುಗಿಸಿದ ಗೌಂಡಿ ರೇವಣಸಿದ್ದ ಸಿಮೆಂಟ್ ಚೀಲದ ಮೇಲೆ ಕೂತು ಫೋನಿನಲ್ಲಿ ಕಾರ್ಡು ಆಡುತ್ತಿದ್ದ. ಎದುರಾಳಿ ಯಾವ ದೇಶದವನೋ ಅವನಿಗೆ ಗೊತ್ತಿರಲಿಲ್ಲ. ಆ ಎದುರಾಳಿಯ ಹಾವಿನ ಕಾರ್ಡನ್ನು ಇವನ ಬೆಂಕಿ ಕರಡಿಯ ಕಾರ್ಡು ಸುಟ್ಟುಹಾಕಿತು.

ಆಟ ಕಲಿಸಿದವನು ಅವನ ಊರು ರಂಗಂಪೇಟೆಯ ಮೊಬೈಲ್ ಅಂಗಡಿಯ ಹಂಪಣ್ಣ. ಅಂಗಡಿಗೆ ನೆಲ ಹಾಸಿಸಿಕೊಂಡಾಗ ಕೂಲಿಯ ಒಂದು ಪಾಲನ್ನು ಕಾರ್ಡುಗಳ ಪೊಟ್ಟಣವಾಗಿ ಕೊಟ್ಟಿದ್ದ. ಕೈಗೆ ಸಿಗುವ ಪೊಟ್ಟಣವಲ್ಲ ಅದು. ಯಾವ ಕಾರ್ಡು ಯಾರದೆಂಬುದು ಬ್ಲಾಕ್‌ಚೈನ್ ಎಂಬ, ಯಾರೂ ತಿದ್ದಲಾಗದ ದಾಖಲೆಯಲ್ಲಿ ಇರುತ್ತದೆ. ಕಾರ್ಡು ಮಾರಿದರೆ ಕ್ರಿಪ್ಟೋ ನಾಣ್ಯ, ನಾಣ್ಯ ಮಾರಿದರೆ ರೂಪಾಯಿ. ಸಣ್ಣ ಕಾರ್ಡುಗಳನ್ನು ಮಾರಿ ರೇವಣಸಿದ್ದ ಹೆಂಡತಿ ಉಮಾಶ್ರೀಗೆ ಹೊಲಿಗೆ ಯಂತ್ರ ತಂದ. ಕರಡಿಯನ್ನು ಇಟ್ಟುಕೊಂಡ. ಈ ವರ್ಷ ಅದರ ಬೆಲೆ ಒಂದು ಟ್ರ್ಯಾಕ್ಟರಿನಷ್ಟಾದಾಗ, ಅದು ತನ್ನದೆಂದು ಹಂಪಣ್ಣ ತಗಾದೆ ತೆಗೆದ.

ಕಾರ್ಡು ಇಡುವ ವಾಲೆಟ್ಟನ್ನು ತೆರೆದುಕೊಟ್ಟವನೂ ಹಂಪಣ್ಣನೇ. ಆಡಲು ಅದನ್ನು ತೆರೆಯಬೇಕಿಲ್ಲ, ಕಾರ್ಡು ಮಾರಲು ತೆರೆಯಲೇಬೇಕು. ಫೋನು ಹಾಳಾದರೆ ಬೇರೆ ಫೋನಿನಲ್ಲಿ ಅದನ್ನು ತೆರೆಯಲು ಹನ್ನೆರಡು ಪದಗಳು ಬೇಕು. ಕಲ್ಲು ಹೊರುವವನಿಗೆ ಅದೆಲ್ಲ ಯಾಕೆಂದು ಅವನು ಆ ಪದಗಳನ್ನು ಬರೆಸಿರಲಿಲ್ಲ. ವಾಲೆಟ್ಟಿಗೆ ಬೀಗ ಹಾಕಿದ್ದು ಮಾತ್ರ ರಂಗಂಪೇಟೆಯ ಮನೆಯಲ್ಲಿ. ಅದಕ್ಕೆ ಉಮಾಶ್ರೀಯ ಬೆರಳು, ಅವಳೇ ಇಟ್ಟ ಗುಪ್ತಸಂಖ್ಯೆ. ಚಟಕ್ಕೆ ಬಿದ್ದು ತಾನೇ ಮಾರಿಬಿಟ್ಟೇನೆಂದು ರೇವಣಸಿದ್ದ ಸಂಖ್ಯೆಯನ್ನು ಕೇಳಿಯೂ ಇರಲಿಲ್ಲ.

ಆ ಮಧ್ಯಾಹ್ನ ಹಂಪಣ್ಣ ಬಾಷುಮಿಯಾನ ಬೈಕಿನಲ್ಲಿ ಬಂದ. ಬಾಷುಮಿಯಾ ರಂಗಂಪೇಟೆಯ ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವವನು.

"ಏನಲೇ ಗೌಂಡಿ, ನನ್ನ ಕರಡಿ ಚಲೋ ಮೇಯಿಸಾಕತ್ತಿ?"

"ನಿಮ್ಮದೆಲ್ಲೈತ್ರಿ ಸಾವ್ಕಾರ್ರ. ಕೂಲಿಗಿ ಕೊಟ್ಟೀರಿ."

ಮೊದಲ ಒದೆತ ಎದೆಗೆ ಬಿತ್ತು. ಬಾಷುಮಿಯಾ ತೋಳು ತಿರುಚಿ ಹಿಡಿದ. ಹಂಪಣ್ಣ ಫೋನು ಕಸಿದು ಅವನ ಹೆಬ್ಬೆರಳನ್ನು ಒತ್ತಿಸಿದ, ವಾಲೆಟ್ ತೆರೆಯಲಿಲ್ಲ. ಉಳಿದ ಬೆರಳುಗಳಿಗೂ ತೆರೆಯಲಿಲ್ಲ. ಸಂಖ್ಯೆ ಗೊತ್ತಿಲ್ಲವೆಂದರೆ ನಂಬಲಿಲ್ಲ. ಬಲಗೈ ಮತ್ತೆ ಬೇಕಾದೀತೆಂದು ಎಡಗೈಯನ್ನು ಕಲ್ಲಿನ ಮೇಲೆ ಚಾಚಿಸಿ, ಕಲ್ಲು ಕೂರಿಸುವ ಸುತ್ತಿಗೆಯಿಂದಲೇ ಕಿರುಬೆರಳನ್ನು ಜಜ್ಜಿದ. ಆಮೇಲೆ ಅದರ ಪಕ್ಕದ್ದು. ರೇವಣಸಿದ್ದ ಕೂಗಿದ, ಉಚ್ಚೆ ಹೊಯ್ದುಕೊಂಡ. ಹೆಂಡತಿಯ ಹೆಸರು ಮಾತ್ರ ಎತ್ತಲಿಲ್ಲ.

ಎತ್ತಿದವನು ಬಾಷುಮಿಯಾ, ಅದೂ ಕರುಣೆಯಿಂದ.

"ಬಿಡ್ರಿ ಅಣ್ಣಾರ, ಸತ್ತಗಿತ್ತಾನ. ಇವನ ಬೆರಳು ಎಲ್ಲೀನೂ ಹತ್ತಂಗಿಲ್ಲ, ಸಿಮೆಂಟ್ ತಿಂದುಬಿಟ್ಟೈತಿ. ರೇಷನ್ನಿಗೂ ಹೆಂಡ್ತೀನ ಬಂದು ಒತ್ತತಾಳ."

ಹಂಪಣ್ಣ ಸುತ್ತಿಗೆ ಕೆಳಗಿಟ್ಟ. "ಗಾಡಿ ತಿರಗಸು. ರಂಗಂಪೇಟಿಗಿ ಹೋಗೂಣು."

ಫೋನನ್ನು ಕಲ್ಲಿನ ಮೇಲಿಟ್ಟು, ನೀರಿನ ಡ್ರಮ್ಮಿನಲ್ಲಿ ಕೈಯ ರಕ್ತ ತೊಳೆಯತೊಡಗಿದ. ಬಾಷುಮಿಯಾ ಗಾಡಿಯತ್ತ ಹೋಗಿದ್ದ. ರೇವಣಸಿದ್ದ ಬಲಗೈಯಲ್ಲಿ ಸುತ್ತಿಗೆ ಎತ್ತಿ ಫೋನಿನ ಮೇಲೆ ಹಾಕಿದ. ಗಾಜು ಸಿಡಿಯಿತು, ಮತ್ತೆ ಹಾಕಿದ, ಬ್ಯಾಟರಿ ಉಬ್ಬಿ ಹೊಗೆಯಾಡಿತು. ಕೆಳಗಿನ ಕಲ್ಲೂ ಸೀಳಿತು.

ಹಂಪಣ್ಣ ಓಡಿಬಂದು ಮುಖಕ್ಕೆ ಒದ್ದ. ದವಡೆ ಮುರಿಯುವವರೆಗೂ ಒದ್ದ. ಹನ್ನೆರಡು ಪದ ಎಲ್ಲಿವೆ ಎಂದು ಕೊರಳಪಟ್ಟಿ ಹಿಡಿದು ಕೇಳಿದ.

"ನೀವ ಬ್ಯಾಡಂದಿದ್ರಿ," ಅಂದ ರೇವಣಸಿದ್ದ. ಮಾತಿನ ಜೊತೆ ಒಂದು ಹಲ್ಲು ಬಿತ್ತು.

ಯಾದಗಿರಿಯ ಆಸ್ಪತ್ರೆಯಲ್ಲಿ ಆ ಎರಡು ಬೆರಳುಗಳನ್ನು ತೆಗೆದರು. ಬಾಷುಮಿಯಾ ಸಾಕ್ಷಿ ಹೇಳಲು ಒಪ್ಪಿದ್ದಾನೆ. ಹಂಪಣ್ಣ ಜಾಮೀನಿನ ಮೇಲೆ ಬಂದು ಅಂಗಡಿ ತೆರೆದಿದ್ದಾನೆ. ಬೆಂಕಿ ಕರಡಿ ಆಟದ ಮಾರುಕಟ್ಟೆಯಲ್ಲಿ ಈಗಲೂ ರೇವಣಸಿದ್ದನ ಖಾತೆಯಲ್ಲೇ ಕಾಣುತ್ತದೆ. ಅದನ್ನು ಅಲ್ಲಿಂದ ಕದಲಿಸಲು ಯಾರಿಂದಲೂ ಆಗುವುದಿಲ್ಲ.

ಸೋಮವಾರದಿಂದ ಅವನಿಗೆ ಹುಣಸಗಿಯಲ್ಲಿ ಕೆಲಸ ಸಿಕ್ಕಿದೆ. ಕಲ್ಲು ಎತ್ತಿಕೊಡಲು, ಸಿಮೆಂಟ್ ಕಲಸಲು ಉಮಾಶ್ರೀಯೂ ಹೋಗುತ್ತಾಳೆ.