ಇಲಿಗಳಿಗಿಟ್ಟ ಹಳದಿ ಪುಡಿ

ಪ್ರಯೋಗಾಲಯದಲ್ಲಿ ಇಲಿಗಳ ಪಂಜರ ತೊಳೆದು ಮೇವು, ನೀರು ಇಡುವ ಕೆಲಸ ಅವಳದು. ಹನ್ನೊಂದು ವರ್ಷ ಅದನ್ನೇ ಮಾಡಿ ಎಲ್ಲರ ಬಾಯಲ್ಲೂ ಇಲಿಯಮ್ಮನಾಗಿದ್ದಳು. ಗಂಡ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ದುಡಿದವನು. ಆ ಹೊಗೆ ಕುಡಿದೂ ಕುಡಿದೂ ಅವನ ಕಿಡ್ನಿಗಳು ಕೈಕೊಟ್ಟಿದ್ದವು. ಕಾಲು ಊದಿ ಚಪ್ಪಲಿಯೊಳಗೆ ತೂರುತ್ತಿರಲಿಲ್ಲ. ಡಾಕ್ಟರು ಡಯಾಲಿಸಿಸ್ ಎಂದಾಗ, "ಮೆಶೀನಿಗೆ ಕಟ್ಟಿಹಾಕೋಕೆ ನಾನೇನು ದನಾನಾ?" ಎಂದು ಎದ್ದು ಬಂದಿದ್ದ.

ಆ ವರ್ಷ ಪ್ರಯೋಗಾಲಯದಲ್ಲಿ ಇಲಿಗಳಿಗೆ ನೀರಿನಲ್ಲಿ ಸೀಸ ಬೆರೆಸಿ ಕೊಡುತ್ತಿದ್ದರು. ಕೆಲವಕ್ಕೆ ಮಾತ್ರ ಜೊತೆಗೆ ಒಂದು ಗಿಡದ ಎಲೆಯಿಂದ ತೆಗೆದ ಹಳದಿ ಪುಡಿ. ಪುಡಿ ತಿಂದವು ಚುರುಕಾಗಿ ಓಡಾಡಿದವು. ಉಳಿದವು ಮೂಲೆ ಹಿಡಿದವು. ದಿನವೂ ಅದನ್ನು ನೋಡುತ್ತ ಇಲಿಯಮ್ಮ ಒಳಗೊಳಗೇ ಕೇಳಿಕೊಂಡಳು. ಇಲಿಗಿರುವ ಭಾಗ್ಯ ತನ್ನ ಗಂಡನಿಗಿಲ್ಲವೇ? ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾಲ್ಕು ಚಮಚ ಪುಡಿಯನ್ನು ಡಬ್ಬಿಗೆ ಸುರುವಿಕೊಂಡಳು.

"ಏನೇ ಇದು, ಇಷ್ಟು ಕಹಿ!" ರಾತ್ರಿ ಅವಳು ಪುಡಿಯನ್ನು ನೀರಲ್ಲಿ ಕಲಸಿ ಕೊಟ್ಟಾಗ ಗಂಡ ಮುಖ ಕಿವುಚಿದ.

"ಬಾಯಿ ಮುಚ್ಕೊಂಡು ನುಂಗ್ರೀ."

"ಬಾಯಿ ಮುಚ್ಕೊಂಡ್ರೆ ನುಂಗೋದು ಹೇಗೆ?"

ಅವಳಿಗೆ ಎಷ್ಟೋ ತಿಂಗಳುಗಳ ಮೇಲೆ ನಗು ಬಂತು. ಆದರೆ ಊತ ಇಳಿಯಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ಅವನಿಗೆ ಉಸಿರೇ ಸಿಗದಂತಾಯಿತು. ನೆರೆಯವರು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. "ಏನು ಕೊಟ್ರಿ? ನಿಜ ಹೇಳಿ," ಎಂದು ಡಾಕ್ಟರು ಗದರಿದಾಗ ಅವಳು ಅಳುತ್ತ ಪ್ರಯೋಗಾಲಯದ ಮೇಡಂಗೆ ಫೋನ್ ಮಾಡಿದಳು.

ಮೇಡಂ ಓಡಿ ಬಂದು ಪುಡಿಯ ವಿವರವನ್ನೆಲ್ಲ ಡಾಕ್ಟರಿಗೆ ಹೇಳಿದರು. ಆಮೇಲೆ ಬಂದು ಬೆಂಚಿನಲ್ಲಿ ಅವಳ ಪಕ್ಕ ಕುಳಿತರು.

"ಆ ಇಲಿಗಳಿಗೆ ಸೀಸ ಕೊಟ್ಟ ಮೊದಲ ದಿನದಿಂದ್ಲೇ ಪುಡೀನೂ ಕೊಟ್ಟಿದ್ವಿ ಕಣಮ್ಮ. ಕಿಡ್ನಿ ಕೆಡದ ಹಾಗೆ ತಡೆಯುತ್ತಾ ಅಂತ ನೋಡೋಕೆ. ಕೆಟ್ಟು ಹೋಗಿರೋದನ್ನ ಅದು ಸರಿಮಾಡುತ್ತೆ ಅಂತ ಯಾರಂದ್ರು? ಮನುಷ್ಯರಿಗೆ ಇನ್ನೂ ಕೊಟ್ಟೇ ನೋಡಿಲ್ಲ."

"ಅಂದ್ರೆ ನಾನೇ ಅವರನ್ನ ಈ ಸ್ಥಿತಿಗೆ ತಂದೆನಾ ಮೇಡಂ?"

"ಪುಡಿಯಿಂದ್ಲೇ ಹೀಗಾಯ್ತು ಅನ್ನೋಕಾಗಲ್ಲ. ಆದ್ರೆ ಡಯಾಲಿಸಿಸ್ ಮಾಡಿಸದೆ ಇನ್ನೂ ಹದಿಮೂರು ದಿನ ಹೋಯ್ತಲ್ಲಮ್ಮ."

ಕಳವಿಗಾಗಿ ಇಲಿಯಮ್ಮನ ಕೆಲಸ ಹೋಯಿತು. ಮೇಡಂ ಎಷ್ಟು ಬೇಡಿದರೂ ಮೇಲಿನವರು ಒಪ್ಪಲಿಲ್ಲ. ಗಂಡ ಈಗ ವಾರಕ್ಕೆ ಮೂರು ಸಲ ಮೆಶೀನಿನ ಪಕ್ಕ ಮಲಗುತ್ತಾನೆ. ಮೊನ್ನೆ ತೋಳಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದ:

"ನಾನು ಉಳೀತೀನೇನೇ?"



"ಗೊತ್ತಿಲ್ಲ ರೀ. ನಾಳಿದ್ದು ಮತ್ತೆ ಬರಬೇಕಂತೆ," ಎಂದು ಅವನ ತಣ್ಣನೆಯ ಪಾದಗಳ ಮೇಲೆ ಹೊದಿಕೆ ಎಳೆದಳು.