ಅಕ್ಕಾವರು ಕೇಳಿದ್ದು ಒಂದೇ ಮಾತು

ಜುನಾ ಬಜಾರಿನ ಹಳೇ ಸಾಮಾನುಗಳ ನಡುವೆ ಮೊನ್ನೆ ಔಷಧ ಅಳೆಯುವ ಗೆರೆಗಳಿದ್ದ ಗಾಜಿನ ಲೋಟವೊಂದು ಕಣ್ಣಿಗೆ ಬಿತ್ತು. ಮೂಗಿನ ಹತ್ತಿರ ಹಿಡಿದೆ. ಧೂಳಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಪುಣೆಯ ಆ ಆಸ್ಪತ್ರೆಯ ಹೆಂಗಸರ ವಾರ್ಡು ನೆನಪಾಯಿತು, ಜೊತೆಗೆ ಅಕ್ಕಾವರು...

ಅವರು ವಾರ್ಡಿನ ಹಿರಿಯ ನರ್ಸು, ಧಾರವಾಡದ ಕಡೆಯವರು. ಯುದ್ಧದ ವರ್ಷಗಳು. ನಾನು ಕೆಲಸ ಕಲಿಯಲು ಸೇರಿ ತಿಂಗಳಾಗಿತ್ತಷ್ಟೇ. ಒಬ್ಬರ ಔಷಧ ಇನ್ನೊಬ್ಬರ ಹೊಟ್ಟೆಗೆ ಹೇಗೆ ಹೋಗುತ್ತದೆ ಎಂಬುದು ಡಾಕ್ಟರರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರರು ಅವರನ್ನು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

"ಕಾಟಿನ ಚೀಟಿ ನಂಬಬ್ಯಾಡ. ಹೆಸರು ಕೇಳು, ಆಮ್ಯಾಲೆ ಕೊಡು," ಎನ್ನುತ್ತಿದ್ದರು.

ವಾರ್ಡಿನಲ್ಲಿ ಒಂದು ಸಾಲಿನ ಕಾಟುಗಳ ತಲೆದಿಂಬು ಉತ್ತರಕ್ಕಿತ್ತು. ಹಾಗೆ ಮಲಗಲು ನಮ್ಮ ಹೆಂಗಸರು ಸುತರಾಂ ಒಪ್ಪುತ್ತಿರಲಿಲ್ಲ. ಒಂದು ರಾತ್ರಿ ವಿಷಮಜ್ವರದ ಹೆಂಗಸೊಬ್ಬಳು ಎದುರು ಸಾಲಿನ ಕ್ರೈಸ್ತ ಮುದುಕಿಯೊಂದಿಗೆ ಜಾಗ ಬದಲಿಸಿಕೊಂಡಳು. ಮುದುಕಿಗೆ ಹೃದಯದ ಬೇನೆಯಿತ್ತು, ದಿಕ್ಕಿನ ಚಿಂತೆ ಇರಲಿಲ್ಲ. ಚೀಟಿಗಳು ಮಾತ್ರ ಇದ್ದಲ್ಲೇ ಉಳಿದವು. ಬೆಳಿಗ್ಗೆ ನಾನು ಚೀಟಿ ನೋಡಿ, ಮುದುಕಿಯ ಔಷಧವನ್ನು ಜ್ವರದವಳ ಮುಂದೆ ಹಿಡಿದೆ.

"ಇದು ನಂದಲ್ಲ, ಬಾಯೀ," ಎಂದಳು ಮರಾಠಿಯಲ್ಲಿ.

"ನಿನಗಿಂತ ನನಗೆ ಗೊತ್ತು, ಕುಡಿ," ಎಂದು ಗದರಿದೆ. ಕುಡಿದಳು.

ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು, ನಾಡಿ ನಿಧಾನವಾಯಿತು. ಅಕ್ಕಾವರು ಸಂಜೆಯವರೆಗೆ ಅವಳ ಮಗ್ಗುಲು ಬಿಡಲಿಲ್ಲ. ಆಕೆ ಬದುಕಿ ಉಳಿದಳು. ನನ್ನ ಮೇಲೆ ದೂರು ಹೇಳಲೂ ಇಲ್ಲ. ಓದಿದವರ ಮೇಲೆ ಹೇಗೆ ದೂರು ಹೇಳುವುದು ಅಂದುಕೊಂಡಳೇನೋ... ಆದರೆ ನನ್ನನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಮೇಟ್ರನ್ ಹತ್ತಿರ ಹೋಗುವ ಮೊದಲು ಅಕ್ಕಾವರು ನನ್ನನ್ನು ಕರೆದರು.

"ಕುಡಿಯೂಕಿಂತ ಮೊದಲ ಆಕಿ ಏನರ ಅಂದ್ಳೇನು?"

"ಇಲ್ರಿ."

"ಹೆಸರು ಕೇಳಲಾರದ್ದು ತಪ್ಪ. ಆದ್ರ ಆಕಿ ಬ್ಯಾಡ ಅಂದಾಗ ಕುಡಿಸಿದ್ದಿ ಅಂದ್ರ, ನಾ ನಿನ್ನ ಪರ ನಿಲ್ತಿದ್ದಿಲ್ಲ," ಎಂದರು.

ನನಗಾಗಿ ತಮ್ಮ ನೌಕರಿಯನ್ನೇ ಪಣಕ್ಕಿಟ್ಟು ಬಂದರು. ನನ್ನ ಕೆಲಸ ಉಳಿಯಿತು. ಮುಂದೆ ನಾನೂ ಹೊಸಬರಿಗೆ ಕಲಿಸಿದೆ, ಶಿಸ್ತಿನವಳೆಂದು ಹೊಗಳಿಸಿಕೊಂಡೆ.

ಅಕ್ಕಾವರು ಊರಿಗೆ ಹೋಗಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಬದುಕಿದ್ದಾಗ ಎರಡು ಸಲ ಭೆಟ್ಟಿಯಾಗಿದ್ದೆ, ಎರಡೂ ಸಲ ಚಹಾ ಕುಡಿದು ಎದ್ದು ಬಂದೆ. ತನ್ನದಲ್ಲ ಅಂತ ಆಕೆ ಹೇಳಿದ್ದಳು ಅಕ್ಕಾವರೆ, ನಾನೇ ಬಾಯಿ ಮುಚ್ಚಿಸಿದೆ.